ಸಹಾಯ ಬೇಕು: ಸಿಸಿ ಒಂದೇ, ಎಚ್‌ಪಿ ಯಾಕೆ ಬೇರೆ?

ನಮಸ್ಕಾರ. ಅಡಿಕೆ ತೋಟಕ್ಕೆ ಪವರ್ ವೀಡರ್ (ಕಳೆ ತೆಗೆಯೋ ಯಂತ್ರ) ತಗೋಬೇಕು, ಎರಡರ ಮಧ್ಯೆ ಸಿಕ್ಕಿಕೊಂಡಿದ್ದೇನೆ. ಪೆಟ್ರೋಲ್‌ದು 212 ಸಿಸಿ (ಎಂಜಿನ್ ಸಿಲಿಂಡರಿನ ಗಾತ್ರ), 7 ಎಚ್‌ಪಿ. ಡೀಸೆಲ್‌ದು 211 ಸಿಸಿ, ಬರೀ 4 ಎಚ್‌ಪಿ. ಎರಡರ ಪ್ಲೇಟಿನ ಮೇಲೂ 3600 ಆರ್‌ಪಿಎಂ ಅಂತಲೇ ಇದೆ, ಅಂದ್ರೆ ನಿಮಿಷಕ್ಕೆ 3600 ಸುತ್ತು.

ಎಚ್‌ಪಿ ಅಂದ್ರೆ ಟಾರ್ಕ್ (ತಿರುಗಿಸುವ ಬಲ) ಮತ್ತು ಆರ್‌ಪಿಎಂ ಸೇರಿದ ಲೆಕ್ಕ ಅಂತ ಓದಿ ನಾನೇ ಟಾರ್ಕ್ ಲೆಕ್ಕ ಹಾಕಿ ನೋಡಿದೆ, ಪೆಟ್ರೋಲ್‌ಗೆ ಸುಮಾರು 14 ನ್ಯೂಟನ್ ಮೀಟರ್, ಡೀಸೆಲ್‌ಗೆ 8 ಬಂತು. ಆದರೆ ಕೇಳಿದವರೆಲ್ಲ ಡೀಸೆಲ್ಲೇ ಜಾಸ್ತಿ ಎಳೆಯುತ್ತೆ ಅಂತಾರೆ! ಪಕ್ಕದ ತೋಟದವರ ಪೆಟ್ರೋಲ್ ಮೆಷಿನ್ ತಂದು ಹೊಡೆದೆ. ಗಟ್ಟಿ ಮಣ್ಣಲ್ಲಿ ಬೇರು ಸಿಕ್ಕ ತಕ್ಷಣ ಗುರ್ ಅಂತ ಆಫ್. ಗೇರ್ ಇಳಿಸಿದರೂ ಅಷ್ಟೇ.

ಆರ್‌ಪಿಎಂ ಬಿದ್ದಾಗ ಡೀಸೆಲ್ ನಿಜವಾಗಿ ತಡೆಯುತ್ತಾ? ಗಟ್ಟಿ ಮಣ್ಣಿಗೆ ಸಿಸಿ, ಎಚ್‌ಪಿ, ಟಾರ್ಕ್, ಇದರಲ್ಲಿ ಯಾವುದನ್ನು ನೋಡಿ ತಗೊಳ್ಳಲಿ?