ಅಪ್ಪ ಕಾರು ಓಡಿಸೋದು ಯಾವಾಗ ನಿಲ್ಲಿಸಬೇಕು?

ಕುವೆಂಪುನಗರದವಳು, ಮೈಸೂರು
ಅಪ್ಪನಿಗೆ 76. ದಿನಾ ಕಾರು ತೆಗೀತಾರೆ. ಬ್ಯಾಂಕು, ದೇವಸ್ಥಾನ, ದೇವರಾಜ ಮಾರ್ಕೆಟ್ಟು. ಈಚೆಗೆ ಎಡಗಡೆ ಬಾಗಿಲಿಗೆ ಗೀರುಗಳು ಜಾಸ್ತಿ ಆಗ್ತಿವೆ. ಕೇಳಿದರೆ "ಪಾರ್ಕಿಂಗ್‌ನಲ್ಲಿ ಯಾರೋ ಉಜ್ಜಿಕೊಂಡು ಹೋಗಿದ್ದಾರೆ" ಅಂತಾರೆ. ಡಿಎಲ್ ಈಗಷ್ಟೇ ರಿನ್ಯೂವಲ್ ಆಗಿದೆ, ಇನ್ನೂ ಐದು ವರ್ಷ ಇದೆ. ಅಣ್ಣ ಕೀ ಬಚ್ಚಿಡು ಅಂತಾನೆ. ಅಮ್ಮ ಅವರ ಮನಸ್ಸು ನೋಯಿಸಬೇಡಿ ಅಂತಾರೆ. ನಿಮ್ಮ ಮನೆಗಳಲ್ಲಿ ಹೇಗೆ ತೀರ್ಮಾನ ಮಾಡಿದ್ರಿ?

ನಾಗರಬಾವಿ
75 ಆದ ಮೇಲೆ ಯಾರಿಗೂ ಡಿಎಲ್ ಕೊಡಬಾರದು. ಸರ್ಕಾರಿ ಬಸ್ ಡ್ರೈವರ್‌ಗೆ 60ಕ್ಕೆ ನಿವೃತ್ತಿ. ಸ್ವಂತ ಕಾರಿಗೆ ಮಾತ್ರ ಕೊನೇ ವಯಸ್ಸು ಅಂತಲೇ ಇಲ್ಲ. 55 ದಾಟಿದ ಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್, ಜೊತೆಗೆ ಡಾಕ್ಟರ ಸಹಿ ಇರೋ ಫಾರ್ಮ್ 1ಎ. ಆ ಸಹಿ ಎಷ್ಟು ಕಡೆ ಮುಖ ನೋಡದೆಯೇ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು. ರಸ್ತೆ ಪಕ್ಕ ನಡ್ಕೊಂಡು ಹೋಗೋ ಮಗುವಿನ ಜೀವ ದೊಡ್ಡದಾ, ಅಪ್ಪನ ಮನಸ್ಸು ದೊಡ್ಡದಾ?

ತೋಟದ ಮನೆ, ಹೊಸನಗರ ತಾಲೂಕು
ನನಗೆ 74. ನಿಮ್ಮ ಲೆಕ್ಕದಲ್ಲಿ ನನಗೆ ಇನ್ನೊಂದು ವರ್ಷ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಳೆಗಾಲದಲ್ಲಿ ಅದೂ ಗ್ಯಾರಂಟಿ ಇಲ್ಲ. ಆ್ಯಪ್ ಒತ್ತಿದರೆ ಕಾರು ಬರೋ ಊರಲ್ಲ ಇದು. ಹೆಂಡತಿಗೆ ರಾತ್ರಿ ಎದೆನೋವು ಬಂದರೆ ಶಿವಮೊಗ್ಗಕ್ಕೆ ಯಾರು ಕರ್ಕೊಂಡು ಹೋಗ್ತಾರೆ? ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಕುಡಿದು ಓಡಿಸೋರು, ಮೊಬೈಲ್ ನೋಡ್ತಾ ಓಡಿಸೋರು ಹೆಚ್ಚಿನವರು ಹುಡುಗರೇ. ನಾನು ಕತ್ತಲಾದ ಮೇಲೆ ಕಾರು ತೆಗೆಯೋದು ಬಿಟ್ಟಿದ್ದೇನೆ, ಎದೆನೋವಿನಂಥ ತುರ್ತು ಬಿಟ್ಟು. ಜೋರು ಮಳೆಯಲ್ಲಿ ಘಾಟಿ ಇಳಿಯೋದಿಲ್ಲ. ಯಾರೂ ಹೇಳಿ ಬಿಡಿಸಿದ್ದಲ್ಲ.

ಕಣ್ಣಿನ ಡಾಕ್ಟ್ರು, ಹುಬ್ಬಳ್ಳಿ
ಕುವೆಂಪುನಗರದ ಮೇಡಂ, ಗೀರು ಎಡಗಡೆಯೇ ಬೀಳ್ತಿದೆ ಅಂದ್ರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಗ್ಲಾಕೋಮಾ ಅಂತ ಕಣ್ಣಿನ ನರ ನಿಧಾನವಾಗಿ ಹಾಳಾಗೋ ಕಾಯಿಲೆ ಇದೆ, ಅದರಲ್ಲಿ ಹೆಚ್ಚಾಗಿ ಅಂಚಿನ ನೋಟ ಮೊದಲು ಹೋಗುತ್ತೆ. ನೋವಿರಲ್ಲ, ಕಣ್ಣು ಕೆಂಪಾಗಲ್ಲ. ನೇರಕ್ಕೆ ಎಲ್ಲ ಚೆನ್ನಾಗಿ ಕಾಣುತ್ತೆ, ಪೇಪರ್ ಓದ್ತಾರೆ. ಪಕ್ಕದಿಂದ ನುಗ್ಗೋ ಸ್ಕೂಟರ್ ಮಾತ್ರ ಕಾಣಲ್ಲ. ಆರ್‌ಟಿಒ ಫಾರ್ಮ್ ಕೇಳೋದು ಒಳ್ಳೆ ಹಗಲು ಬೆಳಕಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತಾ ಅಂತ. ಗ್ಲಾಕೋಮಾ ಇರೋರು ಎಷ್ಟೋ ಜನ ಅದನ್ನು ಸಲೀಸಾಗಿ ಓದಿಬಿಡ್ತಾರೆ. ಫೀಲ್ಡ್ ಟೆಸ್ಟ್ ಅಂತ ಬೇರೆಯೇ ಇದೆ. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತೋದು. ಅದನ್ನು ಮಾಡಿಸಿ.

ಬರೀ ಪೊರೆ ಆಗಿದ್ದರೆ ಹೆದರಬೇಡಿ. ಎದುರು ಗಾಡಿಯ ಹೈಬೀಮ್ ಕಣ್ಣಿಗೆ ಚೆಲ್ಲಿದ ಹಾಗಾಗುತ್ತೆ ಅನ್ನೋರು ಆಪರೇಷನ್ ಆದ ಮೇಲೆ ಆರಾಮಾಗಿ ಓಡಿಸೋದನ್ನ ನಾನೇ ನೋಡಿದ್ದೇನೆ. ಗ್ಲಾಕೋಮಾದಲ್ಲಿ ಹೋದ ನೋಟ ಮಾತ್ರ ವಾಪಸ್ ಬರಲ್ಲ. ಅವರು ತಗೊಳ್ಳೋ ಮಾತ್ರೆಗಳನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ನಿದ್ರೆ ಮಾತ್ರೆ, ಕೆಲವು ನೆಗಡಿ ಮಾತ್ರೆಗಳ ಮಂಪರು ಮರುದಿನವೂ ಇರುತ್ತೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳೋರು ತಿಂಡಿ ತಡ ಮಾಡಿ ಕಾರು ಹತ್ತಿದರೆ ಸಕ್ಕರೆ ಇಳಿದು ತಲೆ ತಿರುಗಬಹುದು.

ಡ್ರೈವಿಂಗ್ ಸ್ಕೂಲ್, ದಾವಣಗೆರೆ
ಮೇಡಂ, ಒಂದು ದಿನ ಹಿಂದಿನ ಸೀಟಲ್ಲಿ ಕೂತು ನೋಡಿ. ಬಾಯಿ ಬಿಡಬೇಡಿ. ಯೂ ಟರ್ನ್‌ಗೆ ಕುತ್ತಿಗೆ ತಿರುಗಿಸ್ತಾರಾ, ಅಥವಾ ಬರೀ ಇಂಡಿಕೇಟರ್ ಹಾಕಿ ತಿರುಗಿಸಿಬಿಡ್ತಾರಾ? ಹಂಪ್ ಮೇಲೆ ಹತ್ತಿದ ಮೇಲೆ ಬ್ರೇಕ್ ಒತ್ತುತ್ತಾರಾ? ಗೊತ್ತಿರೋ ದಾರಿಯಲ್ಲೇ ಯಾವ ಕಡೆ ಅಂತ ತಡವರಿಸ್ತಾರಾ? ಇನ್ನೊಂದು, ಅಮ್ಮ ಪಕ್ಕದಲ್ಲಿ ಕೂತು "ಹಂಪ್ ಇದೆ ರೀ, ಸ್ಕೂಟರ್ ಬಂತು ರೀ, ಸಿಗ್ನಲ್ ಕೆಂಪು ರೀ" ಅಂತಿದ್ದಾರಾ? ಹಾಗಿದ್ದರೆ ಕಾರು ಓಡಿಸ್ತಿರೋದು ಅಮ್ಮ. ಅವರನ್ನು ಒಂದು ದಿನ ಮನೆಯಲ್ಲಿ ಬಿಟ್ಟು ಹೋಗಿ ನೋಡಿ.

ಸುಲಭ ಆಗಲಿ ಅಂತ ಈ ವಯಸ್ಸಿಗೆ ಆಟೊಮ್ಯಾಟಿಕ್ ಕಾರು ಕೊಡಿಸೋರೂ ಇದ್ದಾರೆ. ನಲವತ್ತು ವರ್ಷ ಕ್ಲಚ್ ಒತ್ತಿದ ಎಡಗಾಲು ಗಾಬರಿಯಲ್ಲಿ ಸುಮ್ನೆ ಇರಲ್ಲ. ಖಾಲಿ ಮೈದಾನದಲ್ಲಿ ಚೆನ್ನಾಗಿ ಅಭ್ಯಾಸ ಆಗೋವರೆಗೂ ರಸ್ತೆಗೆ ಇಳಿಸಬೇಡಿ.

ಟೋಕಿಯೋದಿಂದ
ಕಾಲಿನ ವಿಷಯ ಬಂತಲ್ಲ, ಅದಕ್ಕೆ ಬರೀತಿದ್ದೇನೆ. 2019ರ ಏಪ್ರಿಲ್‌ನಲ್ಲಿ ಇಲ್ಲಿಯ ಇಕೆಬುಕುರೋದಲ್ಲಿ 87 ವರ್ಷದವರೊಬ್ಬರ ಕಾರು ನುಗ್ಗಿ ಒಬ್ಬ ತಾಯಿ, ಅವರ 3 ವರ್ಷದ ಮಗಳು ತೀರಿಕೊಂಡರು. ಕಾರೇ ಕೆಟ್ಟಿತ್ತು ಅಂತ ಅವರು ವಾದಿಸಿದರು. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದಾರೆ ಅಂತ ಕೋರ್ಟ್ 2021ರಲ್ಲಿ ಐದು ವರ್ಷ ಶಿಕ್ಷೆ ಕೊಟ್ಟಿತು. ಇಲ್ಲಿ 75 ದಾಟಿದವರು ಲೈಸೆನ್ಸ್ ರಿನ್ಯೂವಲ್‌ಗೆ ನೆನಪಿನ ಶಕ್ತಿಯ ಪರೀಕ್ಷೆ ಕೊಡಬೇಕು. ತಾವಾಗೇ ಲೈಸೆನ್ಸ್ ವಾಪಸ್ ಮಾಡಿದವರಿಗೆ ಒಂದು ಪ್ರಮಾಣಪತ್ರ ಸಿಗುತ್ತೆ. ಅದನ್ನು ತೋರಿಸಿದರೆ ಎಷ್ಟೋ ಊರುಗಳಲ್ಲಿ ಬಸ್, ಟ್ಯಾಕ್ಸಿಗೆ ರಿಯಾಯಿತಿ. ಕಿತ್ಕೊಂಡ ಹಾಗಲ್ಲ, ಮರ್ಯಾದೆಯಿಂದ ಬಿಟ್ಟುಕೊಟ್ಟ ಹಾಗೆ. ಆದರೂ ಹಳ್ಳಿ ಕಡೆ ಬಿಡೋಕೆ ಜನ ಹಿಂಜರೀತಾರೆ. ತೋಟದ ಮನೆ ಸರ್ ಹೇಳಿದ ಕಾರಣವೇ.

ತುಮಕೂರಿನ ಸೊಸೆ
ನಮ್ಮನೇಲಿ ಮಾವನವರ ಕಾರು ಬಿಡಿಸಿದರು. ಅವರು ಸ್ಕೂಟರ್ ಹಿಡಿದರು. ಗಂಡ, ಮೈದುನ ಇಬ್ಬರಿಗೂ ಸಮಾಧಾನ, ಹತ್ತಿರದಲ್ಲೇ ತಾನೇ ಓಡಾಡೋದು ಅಂತ. ಸ್ಕೂಟರಿಗೆ ಬ್ಯಾಲೆನ್ಸ್ ಬೇಕು, ಸಿಗ್ನಲ್‌ನಲ್ಲಿ ಕಾಲು ಊರೋಕೆ ಮಂಡಿ ಗಟ್ಟಿ ಇರಬೇಕು. ಬಿದ್ದರೆ ಈ ವಯಸ್ಸಲ್ಲಿ ಸೊಂಟದ ಮೂಳೆ ಹೋಗುತ್ತೆ. ಅದರ ಮೇಲೆ ನನ್ನ ಮಗನನ್ನ ಮುಂದೆ ನಿಲ್ಲಿಸ್ಕೊಂಡು ಟ್ಯೂಷನ್‌ಗೆ ಬಿಡ್ತಾರೆ. ಸೊಸೆಯಾಗಿ ನಾನು ಬಾಯಿ ಬಿಟ್ಟರೆ ಮನೆ ರಣರಂಗ ಆಗುತ್ತೆ. ಹೆತ್ತ ಮಕ್ಕಳು ಹೇಳಲ್ಲ. ವಯಸ್ಸಿನ ಚರ್ಚೆ ಆಮೇಲೆ ಮಾಡಿ, ಮೊಮ್ಮಕ್ಕಳನ್ನ ಕೂರಿಸ್ಕೊಂಡು ಹೋಗೋದನ್ನ ಮೊದಲು ನಿಲ್ಲಿಸಿ.

ನಾಗರಬಾವಿ
ಇದಕ್ಕೇ ಕಾನೂನು ಬೇಕು ಅನ್ನೋದು. ಮನೆಯವರ ಕೈಲಿ ಆಗಲ್ಲ. ಈಗಲೂ ಮೋಟಾರು ವಾಹನ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಕಾಯಿಲೆಯಿಂದ ಓಡಿಸೋಕೆ ಆಗಲ್ಲ ಅನ್ನೋದಕ್ಕೆ ಸರಿಯಾದ ಕಾರಣ ಇದ್ದರೆ ಆರ್‌ಟಿಒ ಡಿಎಲ್ ರದ್ದು ಮಾಡಬಹುದು, ಇಲ್ಲ ಹೊಸದಾಗಿ ಮೆಡಿಕಲ್ ಸರ್ಟಿಫಿಕೇಟ್ ಕೇಳಬಹುದು. ಬರೆದು ಕೊಡಿ.

ತೋಟದ ಮನೆ, ಹೊಸನಗರ ತಾಲೂಕು
ಮಗಳು ಅಪ್ಪನ ಮೇಲೆ ಆರ್‌ಟಿಒಗೆ ಬರೆದು ಕೊಡಬೇಕಾ? ಆಮೇಲೆ ಆ ಮನೇಲಿ ಒಟ್ಟಿಗೆ ಊಟಕ್ಕೆ ಹೇಗೆ ಕೂರ್ತಾರೆ? ಪರೀಕ್ಷೆ ಇಡಿ, ನಾನು ಮೊದಲು ಬಂದು ಕೊಡ್ತೇನೆ. ಕಣ್ಣು, ಕಿವಿ, ರಸ್ತೆ, ಎಲ್ಲವನ್ನೂ ನೋಡಿ. ಫೇಲ್ ಆದರೆ ಕೀ ಅಲ್ಲೇ ಇಟ್ಟು ಬರ್ತೇನೆ. ಹುಟ್ಟಿದ ಇಸವಿ ನೋಡಿ ಕಿತ್ಕೋಬೇಡಿ.

ಕುವೆಂಪುನಗರದವಳು, ಮೈಸೂರು
ಡಾಕ್ಟ್ರೇ, ಅಪ್ಪನ ಅಪ್ಪನಿಗೆ ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ಯಾಕೆ ಅಂತ ಯಾರೂ ತೋರಿಸಿರಲಿಲ್ಲ.

ಕಣ್ಣಿನ ಡಾಕ್ಟ್ರು, ಹುಬ್ಬಳ್ಳಿ
ಹಾಗಾದರೆ ತಡ ಮಾಡಬೇಡಿ, ಈ ವಾರವೇ ಕರ್ಕೊಂಡು ಹೋಗಿ. ಗ್ಲಾಕೋಮಾ ಮನೆತನದಲ್ಲಿ ಬರುತ್ತೆ. ನೀವೂ ನಿಮ್ಮಣ್ಣನೂ ಕಣ್ಣಿನ ಒತ್ತಡ ನೋಡಿಸ್ಕೊಳ್ಳಿ. ರಿಪೋರ್ಟ್ ಬರೋ ತನಕ ಕಾರು ಮನೇಲಿರಲಿ. ಅದನ್ನ ಅವರ ಡಾಕ್ಟರ ಬಾಯಲ್ಲೇ ಹೇಳಿಸಿ, ಮಕ್ಕಳು ಹೇಳಿದ್ದಕ್ಕಿಂತ ಬೇಗ ಕೇಳ್ತಾರೆ.

ಡ್ರೈವಿಂಗ್ ಸ್ಕೂಲ್, ದಾವಣಗೆರೆ
ಅಷ್ಟರೊಳಗೆ ಗೊತ್ತಿರೋ ಒಬ್ಬ ಆಟೊದವರನ್ನ ಮಾತಾಡಿ ಇಡಿ ಮೇಡಂ. ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ ಅಪ್ಪ ಹೊರಡೋ ಹೊತ್ತಿಗೆ ಸರಿಯಾಗಿ ಬರೋರು. ದುಡ್ಡು ಅಪ್ಪನೇ ಕೊಡಲಿ, ಎಲ್ಲಿಗೆ ಹೋಗಬೇಕು ಅಂತ ಅವರೇ ಹೇಳಲಿ.