ಭತ್ತದ ಹೊಟ್ಟಿನ ಕಾರ್ಬನ್: ಬಿಇಟಿ (ಮೇಲ್ಮೈ ವಿಸ್ತೀರ್ಣದ ಅಳತೆ) 400 ದಾಟುತ್ತಿಲ್ಲ, ಎಲ್ಲಿ ಎಡವಟ್ಟು?

ಇದ್ದಿಲು07:
ಗಂಗಾವತಿ ಕಡೆಯ ರೈಸ್ ಮಿಲ್ಲಿನ ಹೊಟ್ಟಿನಿಂದ ಸೂಪರ್‌ಕೆಪಾಸಿಟರ್‌ಗೆ (ಬೇಗ ಚಾರ್ಜ್ ಆಗುವ ವಿದ್ಯುತ್ ಸಂಗ್ರಾಹಕ) ಕಾರ್ಬನ್ ಮಾಡುವ ಪ್ರಯತ್ನ. ನೈಟ್ರೋಜನ್‌ನಲ್ಲಿ 500 ಡಿಗ್ರಿಗೆ 2 ಗಂಟೆ ಸುಟ್ಟು ಇದ್ದಿಲು. ಅದರ 1 ಪಾಲಿಗೆ 2 ಪಾಲು ಕೆಒಎಚ್ (ರಂಧ್ರ ಮಾಡಲು ಹಾಕುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್), 800 ಡಿಗ್ರಿಯಲ್ಲಿ 1 ಗಂಟೆ. ಆಮೇಲೆ ನೇರ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆಯುವುದು. ಬಿಇಟಿ ಗ್ರಾಂಗೆ 400 ಚದರ ಮೀಟರ್ ದಾಟುತ್ತಿಲ್ಲ. ಫಿಲ್ಟರ್ ಪೇಪರ್ ಮೇಲೆ ಲೋಳೆ ಕಟ್ಟಿ ನೀರೇ ಇಳಿಯುವುದಿಲ್ಲ. ಇದ್ದಿಲು ಇಟ್ಟ ಅಲ್ಯುಮಿನಾ ಬೋಟ್ (ದೋಣಿಯಾಕಾರದ ಪಾತ್ರೆ) ಕೂಡ ತಿಂದುಹೋಗಿದೆ.

ಹೊಟ್ಟು_ಬೂದಿ:
ಆ ಲೋಳೆ ಸಿಲಿಕಾ ಜೆಲ್. ಹೊಟ್ಟಿನಲ್ಲಿ 15–20% ಬೂದಿ, ಬಹುಪಾಲು ಸಿಲಿಕಾ. ಸುಟ್ಟಾಗ ಅದು ಎಲ್ಲೂ ಹೋಗುವುದಿಲ್ಲ, ಹಾಗಾಗಿ ಇದ್ದಿಲಿನಲ್ಲಿ ಸುಮಾರು 45% ಆಗುತ್ತದೆ. 1 ಗ್ರಾಂ ಇದ್ದಿಲಿಗೆ ಹಾಕಿದ 2 ಗ್ರಾಂ ಕೆಒಎಚ್‌ನಲ್ಲಿ 0.8 ಗ್ರಾಂನಷ್ಟು ಸಿಲಿಕಾಕ್ಕೇ ಖರ್ಚು, ಪೊಟ್ಯಾಸಿಯಂ ಸಿಲಿಕೇಟ್ ಆಗಿ. ಅದಕ್ಕಿಂತ ದೊಡ್ಡ ಪೆಟ್ಟು ಆಸಿಡ್‌ನದು: ನೀರಿನಲ್ಲಿ ಕರಗಿ ಹೋಗಬೇಕಾದ ಸಿಲಿಕೇಟ್ ಆಸಿಡ್ ತಾಗಿದೊಡನೆ ಜೆಲ್ ಆಗಿ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ.

ಮೊದಲು ಇದ್ದಿಲನ್ನು ಗ್ರಾಂಗೆ 20 ಮಿ.ಲೀ.ನಂತೆ 1 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ, 90 ಡಿಗ್ರಿಗೆ 2 ಗಂಟೆ ಇಡಿ. ಬಿಸಿಯಿರುವಾಗಲೇ ಸೋಸಿ, ತೊಳೆದು, 110 ಡಿಗ್ರಿಯಲ್ಲಿ ಒಣಗಿಸಿ. 1 ಗ್ರಾಂ ತೆಗೆದು ಮಫಲ್ ಕುಲುಮೆಯಲ್ಲಿ ಗಾಳಿಯಲ್ಲೇ 750 ಡಿಗ್ರಿಗೆ 3 ಗಂಟೆ ಸುಡಿ. ಉಳಿದ ಬಿಳಿ ಬೂದಿ 0.05 ಗ್ರಾಂ ಮೀರಿದರೆ ಇನ್ನೊಂದು ಸುತ್ತು. ಆಮೇಲೆ ಕೆಒಎಚ್ 3 ಪಾಲು. ಕೊನೆಗೆ ಮೊದಲು ಬಿಸಿನೀರು, ನಂತರವೇ ಆಸಿಡ್.

ನಿಕಲ್‌ಮೂಸೆ:
ಕರಗಿದ ಕೆಒಎಚ್ ಅಲ್ಯುಮಿನಾವನ್ನೂ ಕ್ವಾರ್ಟ್ಜ್ ಅನ್ನೂ ತಿನ್ನುತ್ತದೆ. ನಿಕಲ್ ಮೂಸೆ ಬಳಸಿ, ಮೂರನೇ ಒಂದು ಭಾಗ ಮಾತ್ರ ತುಂಬಿ. 360 ಡಿಗ್ರಿ ದಾಟಿದ ಮೇಲೆ ಕೆಒಎಚ್ ಕರಗಿ ಹಾಲಿನಂತೆ ಉಕ್ಕುತ್ತದೆ. ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 400ರಲ್ಲಿ ಅರ್ಧ ಗಂಟೆ ನಿಲ್ಲಿಸಿ.

ಬೋಟ್ ಹೋದರೆ ಇನ್ನೊಂದು ತರಬಹುದು, ಮುಂದಿನದು ಹಾಗಲ್ಲ. 700 ದಾಟಿದಾಗ ಪೊಟ್ಯಾಸಿಯಂ ಲೋಹವೇ ಹುಟ್ಟಿ, ಆವಿಯಾಗಿ, ಕುಲುಮೆಯ ಟ್ಯೂಬಿನ ತಣ್ಣನೆಯ ತುದಿಯಲ್ಲಿ ಬೂದುಬಣ್ಣದ ಪೊರೆಯಾಗಿ ಕೂರುತ್ತದೆ. ಅದಕ್ಕೆ ನೀರು ತಾಗಿದರೆ ಬೆಂಕಿ. ಪೂರ್ತಿ ತಣ್ಣಗಾದ ಮೇಲೆ, ನೈಟ್ರೋಜನ್ ಹರಿಯುತ್ತಿರುವಾಗಲೇ ಐಸೋಪ್ರೊಪೈಲ್ ಆಲ್ಕೋಹಾಲ್ ಹನಿಹನಿಯಾಗಿ ಹಾಕಿ, ಗುಳ್ಳೆ ನಿಂತ ಮೇಲೆ ನೀರು.

ಇದ್ದಿಲು07:
ತೆಂಗಿನ ಕರಟಕ್ಕೆ ಹೋದರೆ ಈ ಸೋಡಾ ಸುತ್ತು ತಪ್ಪುತ್ತದೆಯೇ?

ಹೊಟ್ಟು_ಬೂದಿ:
ತಪ್ಪುತ್ತದೆ, ಅದರ ಬೂದಿ ಸಾಮಾನ್ಯವಾಗಿ 1%ಕ್ಕಿಂತ ಕಡಿಮೆ. ಆದರೆ ಹೊಟ್ಟಿನಲ್ಲಿ ಸಿಲಿಕಾ ಬಿಟ್ಟುಹೋದ ಜಾಗವೇ 2–50 ನ್ಯಾನೋಮೀಟರ್‌ನ ರಂಧ್ರವಾಗುತ್ತದೆ; ಬೇಗ ಚಾರ್ಜ್ ಆಗಬೇಕಾದ ಎಲೆಕ್ಟ್ರೋಡ್‌ಗೆ ಅದು ಲಾಭ. ಹೊಟ್ಟನ್ನು ಬಿಡಬೇಡಿ. ಸೋಸಿದ ಸೋಡಾ ನೀರನ್ನೂ ಚೆಲ್ಲಬೇಡಿ, ಆಸಿಡ್‌ನಿಂದ ಪಿಎಚ್ 7ಕ್ಕೆ ತಂದರೆ ಅದೇ ಸಿಲಿಕಾ ಬೇರೆಯಾಗಿ ಕೈಗೆ ಸಿಗುತ್ತದೆ.