ಮದುವೆ ಆಗಿಲ್ಲ, ಮಗುವಿಗೆ 14 ತಿಂಗಳು. ಅಪ್ಪನ ಹತ್ತಿರ ಖರ್ಚು ಕೇಳಬಹುದಾ?

ಹಾವೇರಿ ಹುಡುಗಿ:

ಹೆಸರು ಬೇಡ. ಹುಬ್ಬಳ್ಳಿಯಲ್ಲಿ ಮೆಡಿಕಲ್ ಶಾಪ್ ಒಂದರಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದೆ. ಅವನು ಔಷಧಿ ಕಂಪನಿಯ ರೆಪ್. ಎರಡು ವರ್ಷ ಒಂದೇ ಬಾಡಿಗೆ ಮನೆಯಲ್ಲಿ ಇದ್ದೆವು, ಓನರ್ ಆಂಟಿಗೆ ಗಂಡ ಹೆಂಡತಿ ಅಂತಲೇ ಹೇಳಿದ್ದೆವು. ನನಗೆ ಆರು ತಿಂಗಳಾದಾಗ ಅವನಿಗೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಯಿತು. ಹೆರಿಗೆಗೆ ಬಂದ, ಆಸ್ಪತ್ರೆ ಫಾರಂನಲ್ಲಿ ಗಂಡ ಅಂತ ಸಹಿ ಮಾಡಿದ, ಎರಡು ದಿನ ಇದ್ದು ಹೋದ. ನಾಲ್ಕು ತಿಂಗಳು ಫೋನ್‌ಪೇಯಲ್ಲಿ 3,000 ಹಾಕಿದ. ಆಮೇಲೆ ಅದೂ ನಿಂತಿತು. ಈಗ ಕೇಳಿದರೆ "ಮಗು ನನ್ನದೇ ಅಂತ ಏನು ಗ್ಯಾರಂಟಿ" ಅಂತಾನೆ.

ಈಗ ತವರಲ್ಲಿದ್ದೇನೆ. ಹೋದ ವಾರ ಅವನ ಸೋದರಮಾವ ಬಾಂಡ್ ಪೇಪರ್ ಹಿಡಿದುಕೊಂಡು ಮನೆಗೆ ಬಂದಿದ್ದರು. ಒಂದೂವರೆ ಲಕ್ಷ ಕೊಡುತ್ತಾರಂತೆ, ಮುಂದೆ ಏನೂ ಕೇಳಲ್ಲ ಅಂತ ನಾನು ಸಹಿ ಹಾಕಬೇಕಂತೆ. ಸಹಿ ಮಾಡಿ ಮುಗಿಸು ಅಂತ ಅಪ್ಪ ಹೇಳ್ತಿದ್ದಾರೆ. ಮಗಳ ಜನನ ಪತ್ರದಲ್ಲಿ ತಂದೆ ಹೆಸರಿನ ಜಾಗ ಖಾಲಿ ಇದೆ. ಅದರಿಂದ ಕೇಸ್ ಬೀಳುತ್ತಾ? ಡಿಎನ್‌ಎ ಟೆಸ್ಟ್ ಮಾಡಿಸು ಅಂತ ನಾನು ಕೇಳಬಹುದಾ?

ಟೈಲರ್ ಅಕ್ಕ, ತಿಪಟೂರು:

ಸಹಿ ಮಾಡಬೇಡ ತಂಗಿ. ಮೊದಲು ಇದನ್ನು ಹೇಳಿಬಿಡ್ತೀನಿ, ಉಳಿದದ್ದು ನಿಧಾನಕ್ಕೆ ಓದು.

ಒಂದೂವರೆ ಲಕ್ಷವನ್ನು ಮಗಳಿಗೆ 18 ಆಗುವವರೆಗೆ ಹಂಚಿ ನೋಡು. ತಿಂಗಳಿಗೆ 750 ರೂಪಾಯಿ ಆಸುಪಾಸು. ಈಗ ಡೈಪರ್‌ಗೇ ಸಾಲಲ್ಲ. ನನಗೂ ಇಂಥದೇ ಪೇಪರ್ ತಂದಿದ್ದರು. ನನ್ನ ಲಾಯರ್ ಮೇಡಂ ಒಂದೇ ಮಾತು ಕೇಳಿದರು: "ಹಕ್ಕು ಮಗುವಿನದು, ನೀನ್ಯಾರಮ್ಮ ಬಿಟ್ಟುಕೊಡೋಕೆ?"

ನಾನು ಅರ್ಜಿ ಹಾಕಿದ್ದು 2021ರಲ್ಲಿ. ನೋಟಿಸ್ ಎರಡು ಸಲ "ಮನೆಯಲ್ಲಿ ಇಲ್ಲ" ಅಂತ ವಾಪಸ್ ಬಂತು. ಮೂರನೇ ಸಲ ಅವನ ಆಫೀಸ್ ವಿಳಾಸಕ್ಕೆ ಕಳಿಸಿದೆವು, ತಕ್ಷಣ ಸಿಕ್ಕಿಬಿಟ್ಟ. ನಿಮ್ಮವನ ಆಫೀಸ್ ವಿಳಾಸ ಈಗಲೇ ಬರೆದಿಟ್ಟುಕೋ.

ಕೋರ್ಟಿನಲ್ಲಿ ಅವನೂ ಇದೇ ಡೈಲಾಗ್ ಹೊಡೆದ, ಮಗು ನನ್ನದಲ್ಲ ಅಂತ. ನಾವೇ ಡಿಎನ್‌ಎಗೆ ಅರ್ಜಿ ಕೊಟ್ಟೆವು. ಸ್ಯಾಂಪಲ್ ತೆಗೆದ ದಿನ ಇವತ್ತಿಗೂ ಕಣ್ಣ ಮುಂದೆ ಇದೆ. ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಫಾರಂಗೆ ಫೋಟೋ ಅಂಟಿಸಿ, ಸಹಿ, ಹೆಬ್ಬೆಟ್ಟು. ಮಗಳ ಬೆರಳನ್ನು ನಾನೇ ಇಂಕಿಗೆ ಒತ್ತಿದೆ, ಅದನ್ನು ನನ್ನ ಸೆರಗಿಗೆ ಒರೆಸಿಕೊಂಡಳು. ಅವನು ಗೋಡೆಯ ಪೋಸ್ಟರ್ ಓದುತ್ತಾ ಕೂತಿದ್ದ, ಒಂದು ಸಲವೂ ಈ ಕಡೆ ತಿರುಗಲಿಲ್ಲ. ರಕ್ತ ತೆಗೆಯೋ ಸಿಸ್ಟರ್‌ಗೆ ಕೇಸಿನ ಕಥೆ ಏನೂ ಗೊತ್ತಿರಲಿಲ್ಲ. ಮಗು ಅತ್ತಾಗ ಸುಮ್ನೆ ರಮಿಸೋಕೆ "ನೋಡು ಚಿನ್ನ, ಥೇಟ್ ಅಪ್ಪನ ಕಿವಿ ನಿಂಗೆ" ಅಂದುಬಿಟ್ಟರು. ಪಾಪ, ಆಮೇಲೆ ಅವರ ಮುಖ ನೋಡಬೇಕಿತ್ತು. ಟ್ಯೂಬ್‌ಗಳನ್ನು ನಮ್ಮ ಎದುರಿಗೇ ಸೀಲ್ ಮಾಡಿದರು. ರಿಪೋರ್ಟ್ ಬರೋಕೆ ಏಳು ತಿಂಗಳು. ಬಂದ ಮೇಲೆ ಅವನ ಕಡೆ ಲಾಯರ್ ಆ ಪಾಯಿಂಟೇ ಎತ್ತಲಿಲ್ಲ.

ಆಮೇಲೆ ಸಂಬಳದ ನಾಟಕ. ತಿಂಗಳಿಗೆ 12,000 ಮಾತ್ರ ಅಂದ. ಆಸ್ತಿ, ಆದಾಯ, ಖರ್ಚಿನ ಅಫಿಡವಿಟ್ ಇಬ್ಬರೂ ಕೊಡಬೇಕು. ಅವನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳು ಕಾರಿನ ಇಎಂಐ 9,400 ಕಟ್ ಆಗ್ತಿತ್ತು. ಜಡ್ಜ್ ಕನ್ನಡಕ ಕೆಳಗಿಳಿಸಿ, "ಉಳಿದ 2,600ರಲ್ಲಿ ಊಟ, ಬಾಡಿಗೆ, ಪೆಟ್ರೋಲ್ ಎಲ್ಲಾ ಆಗುತ್ತೇನಪ್ಪಾ?" ಅಂದರು. ತಿಂಗಳಿಗೆ 7,000 ಆದೇಶ ಆಯಿತು, ಅದೂ ಅರ್ಜಿ ಹಾಕಿದ ತಾರೀಖಿನಿಂದ. ಅದಕ್ಕೇ ಹೇಳೋದು, ನೀನು ಯೋಚಿಸುತ್ತಾ ಕೂತ ತಿಂಗಳ ದುಡ್ಡು ಹೋದ ಹಾಗೇ ಲೆಕ್ಕ.

ಸುಮ್ನೆ ಓದುಗ:

ಇದನ್ನೆಲ್ಲಾ ಒಟ್ಟಿಗೆ ಇರೋಕೆ ಮುಂಚೆ ಯೋಚನೆ ಮಾಡಬೇಕಿತ್ತು.

ಟೈಲರ್ ಅಕ್ಕ, ತಿಪಟೂರು:

ಆ ಮಾತನ್ನು ಅವನಿಗೆ ಹೇಳಿ ಸ್ವಾಮಿ. 14 ತಿಂಗಳ ಕೂಸು ಏನು ಯೋಚನೆ ಮಾಡಬೇಕಿತ್ತು?

ಧಾರವಾಡದ ವಕೀಲ:

ಅಕ್ಕ ಹೇಳಿದ್ದು ಸರಿ ಇದೆ. ಕಾನೂನಿನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಜೀವನಾಂಶಕ್ಕೆ ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಅಂತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ತಂದೆ ತಾಯಿಗೆ ಮದುವೆ ಆಗಿರಲಿ, ಬಿಡಲಿ, ಮಗುವಿಗೆ ಜೀವನಾಂಶ ಕೇಳುವ ಹಕ್ಕು ಇದೆ. ಇಷ್ಟೇ ಕೊಡಬೇಕು ಅನ್ನುವ ಮಿತಿ ಇಲ್ಲ. ಕೇಸ್ ಮುಗಿಯುವವರೆಗೆ ಮಧ್ಯಂತರ ಜೀವನಾಂಶವನ್ನೂ ಕೇಳಿ. ನೋಟಿಸ್ ತಲುಪಿದ 60 ದಿನಗಳಲ್ಲಿ ಅದನ್ನು ಆದಷ್ಟು ಮುಗಿಸಬೇಕು ಅಂತ ಕಾನೂನೇ ಹೇಳುತ್ತದೆ. ಕೋರ್ಟಿನಲ್ಲಿ ಜಾಸ್ತಿ ದಿನ ಹಿಡಿಯುತ್ತದೆ, ಅದು ಬೇರೆ ಮಾತು.

ಜನನ ಪತ್ರದ ಖಾಲಿ ಜಾಗದಿಂದ ಕೇಸ್ ಬೀಳುವುದಿಲ್ಲ. ನಿಮ್ಮ ಹತ್ತಿರ ಅದಕ್ಕಿಂತ ಒಳ್ಳೆಯ ದಾಖಲೆಗಳಿವೆ: ಅವರು ಸಹಿ ಮಾಡಿದ ಆಸ್ಪತ್ರೆ ಫಾರಂ, ಬಾಡಿಗೆ ಕರಾರು, ಫೋನ್‌ಪೇ ಹಣ, ಓನರ್ ಸಾಕ್ಷಿ. ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟರೆ ಸಾಲದು. ಆ ಫೋನನ್ನೇ ಜೋಪಾನ ಮಾಡಿ. ಮಾರಬೇಡಿ, ರಿಸೆಟ್ ಮಾಡಬೇಡಿ.

ಡಿಎನ್‌ಎ ಟೆಸ್ಟ್ ಕೇಳಿದ ಕೂಡಲೇ ಸಿಗುವುದಿಲ್ಲ. ತಂದೆ ಯಾರು ಅಂತ ತಿಳಿಯಲು ರಕ್ತ ಪರೀಕ್ಷೆಯನ್ನು ಮಾಮೂಲಿಯಾಗಿ ಆದೇಶಿಸಬಾರದು ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಅದಕ್ಕೇ ಮೊದಲು ಈ ದಾಖಲೆಗಳನ್ನು ಮುಂದಿಡಿ, ಆಮೇಲೆ ಟೆಸ್ಟ್ ಕೇಳಿ. ಕೋರ್ಟ್ ಆದೇಶ ಮಾಡಿದ ಮೇಲೂ ಅವರು ರಕ್ತ ಕೊಡದಿದ್ದರೆ, ಆ ನಿರಾಕರಣೆಯನ್ನೇ ಅವರ ವಿರುದ್ಧ ತೆಗೆದುಕೊಳ್ಳಬಹುದು. ಎನ್.ಡಿ. ತಿವಾರಿ ನೆನಪಿದೆಯಲ್ಲ? ಮುಖ್ಯಮಂತ್ರಿ, ರಾಜ್ಯಪಾಲ ಎಲ್ಲಾ ಆಗಿದ್ದವರು. ಎಷ್ಟು ತಪ್ಪಿಸಿಕೊಂಡರೂ 2012ರಲ್ಲಿ ರಕ್ತ ಕೊಡಲೇಬೇಕಾಯಿತು. ಖಾಸಗಿ ಲ್ಯಾಬಿನಲ್ಲಿ ನೀವೇ ಮಾಡಿಸಲು ಹೋಗಬೇಡಿ. ಸ್ಯಾಂಪಲ್ ಯಾರದು ಅನ್ನುವ ತಕರಾರು ಎದ್ದು, ದುಡ್ಡು ಹಾಳು.

ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಹುಷಾರು. ಹೆಂಡತಿಯಾದರೆ ತಾನಿರುವ ಊರಲ್ಲೇ ಹಾಕಬಹುದು. ಮದುವೆಯಾಗದ ತಾಯಿಯ ವಿಷಯದಲ್ಲಿ, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಜಾಗ ಅಂತ 145ನೇ ಕಲಂನಲ್ಲಿ ಸ್ಪಷ್ಟವಾಗಿ ಇದೆ. ಹಾವೇರಿಯಲ್ಲಿ ಹಾಕಿದರೆ ಅವರು ಅದನ್ನೇ ಹಿಡಿದು ಆರು ತಿಂಗಳು ಎಳೆಯಬಹುದು. ಹುಬ್ಬಳ್ಳಿಯೇ ವಾಸಿ.

ಫೀಸಿನ ಚಿಂತೆ ಬೇಡ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹಾವೇರಿ ಹುಡುಗಿ:

ಅಕ್ಕಾ, ಸರ್, ಥ್ಯಾಂಕ್ಸ್. 750ರ ಲೆಕ್ಕವನ್ನು ಅಪ್ಪನಿಗೆ ಕ್ಯಾಲ್ಕುಲೇಟರ್‌ನಲ್ಲಿ ತೋರಿಸಿದೆ. ಏನೂ ಮಾತಾಡಲಿಲ್ಲ. ಆಮೇಲೆ ಹೋಗಿ ಆ ಬಾಂಡ್ ಪೇಪರನ್ನು ಟ್ರಂಕಿನ ಮೇಲಿಂದ ತಂದು ನನ್ನ ಕೈಗೆ ಕೊಟ್ಟರು. ಹರಿದು ಹಾಕಲಾ?

ಧಾರವಾಡದ ವಕೀಲ:

ಬೇಡಮ್ಮ! ಮಗು ತನ್ನದಲ್ಲದಿದ್ದರೆ ಒಂದೂವರೆ ಲಕ್ಷ ಯಾಕೆ ಕೊಡಲು ಬಂದರು? ಅದನ್ನೂ ಫೈಲಿಗೆ ಸೇರಿಸಿ.

ಟೈಲರ್ ಅಕ್ಕ, ತಿಪಟೂರು:

ಹಹ್ಹಾ, ನನ್ನದನ್ನು ನಾನು ಒಲೆಗೆ ಹಾಕಿದ್ದೆ. ಆಗ ಯಾರೂ ಹೇಳಲಿಲ್ಲ.

ಇನ್ನೊಂದು ಮರೆತಿದ್ದೆ. ಆದೇಶ ಆದ ಮೇಲೆ ಅವನು ದುಡ್ಡು ನಿಲ್ಲಿಸಿದರೆ ಸುಮ್ಮನೆ ಕೂರಬೇಡ. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಾನು ಪಾಪ ಅಂತ ಕಾದು, ಮೂರು ತಿಂಗಳ ಬಾಕಿ ಕೈಬಿಟ್ಟೆ. ಅರ್ಜಿ ಹಾಕಿ ವಾರಂಟ್ ಅಂದ ಕೂಡಲೇ ಉಳಿದದ್ದು ಅವತ್ತೇ ಬಂತು.

ಹುಬ್ಬಳ್ಳಿಗೆ ಹೋಗುವಾಗ ಮಗುವಿಗೆ ಬಿಸ್ಕತ್ತು, ಎರಡು ಜೊತೆ ಬಟ್ಟೆ ಇಟ್ಟುಕೋ. ನಿನ್ನ ಹೆಸರು ಕೂಗೋಷ್ಟರಲ್ಲಿ ಮಧ್ಯಾಹ್ನ ಆಗಿರುತ್ತೆ.